ಜನವರಿ ಐಕ್ಯ ಪ್ರಾರ್ಥನೆಗೆ ಆರು ಸಭೆ ಸೇರಿದರೆ: ಯಾವುದು ಇರಲಿ, ಯಾವುದು ಬೇಡ?

ಲಿಂಗರಾಜಪುರ ಲೇಔಟ್

ಎಲ್ಲರಿಗೂ ನಮಸ್ಕಾರ. ಜನವರಿ 18ರಿಂದ 25ರ ಐಕ್ಯ ಪ್ರಾರ್ಥನಾ ವಾರದಲ್ಲಿ ಒಂದು ಸಂಜೆ ಈ ಕಡೆಯ ಆರು ಸಭೆಗಳು ಸೇರಿ ಪ್ರಾರ್ಥನೆ ಮಾಡೋಣ ಅಂತ ಮಾತಾಗಿದೆ. ಕಥೋಲಿಕ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್, ಮಲಂಕರ ಆರ್ಥೊಡಾಕ್ಸ್, ಪೆಂತೆಕೋಸ್ತ್, ಬ್ರದರನ್. ಸುಮಾರು 200 ಜನ. ಮೊದಲ ಮೀಟಿಂಗಲ್ಲೇ ನಾಲ್ಕು ತಗಾದೆ: ಯಾವ ದಿನ, ಪ್ರಸಂಗ ಯಾರದು, ವಿಶ್ವಾಸ ಪ್ರಮಾಣ ಹೇಳಬೇಕಾ, ಕೊನೆಗೆ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಇಡಬೇಕಾ. "ಪ್ರೀತಿ ಇದ್ದರೆ ಎಲ್ಲಾ ಆಗುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ. ನಡೆಸಿ ಗೊತ್ತಿರೋರು ಹೇಳಿ.

ಹಳೇ ಕಾಯಿರ್

ಪ್ರಭುಭೋಜನ ಬೇಡ. ಅದೊಂದು ಮೊದಲು ತೀರ್ಮಾನ ಆಗಲಿ. ಆರರಲ್ಲಿ ಮೂರು ಸಭೆಯವರು ಕೂತಲ್ಲೇ ಕೂತಿರುತ್ತಾರೆ, ಉಳಿದವರು ಎದ್ದು ಹೋಗಿ ತಗೋತಾರೆ, ಜನ ಮನೆಗೆ ಹೊತ್ತುಕೊಂಡು ಹೋಗೋದು ಆ ನೋಟವನ್ನೇ. ವಾಕ್ಯ, ಹಾಡು, ಪ್ರಾರ್ಥನೆ, ಮೌನ ಇಷ್ಟಿರಲಿ.

ಒಟ್ಟು 65ರಿಂದ 70 ನಿಮಿಷ. ಸ್ವಾಗತಕ್ಕೆ 3 ನಿಮಿಷ, ಶಾಲು ಹಾರ ಫಲಕ ಏನೂ ಇಲ್ಲ. ಆರು ಜನಕ್ಕೆ ಶಾಲು ಹೊದಿಸಿ ಫೋಟೊ ತೆಗೆಯೋಷ್ಟರಲ್ಲಿ ಪ್ರಸಂಗದ ಹೊತ್ತು ಕರಗಿರುತ್ತೆ. 133ನೇ ಕೀರ್ತನೆಯನ್ನ ಎರಡು ಗುಂಪಾಗಿ ಎದುರುಬದುರು ಓದಿಸಿ. ಒಂದು ಹಾಡು, ಪಾಪನಿವೇದನೆ, ಹಳೇ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ, ಸುವಾರ್ತೆ ಸೇರಿ ಓದುವಿಕೆಗೆ 10 ನಿಮಿಷ. ಪ್ರಸಂಗ 12 ನಿಮಿಷ, ಒಬ್ಬರೇ. ಮೂವರಿಗೆ ತಲಾ ಐದೈದು ನಿಮಿಷ ಕೊಟ್ಟರೆ ಒಟ್ಟು ನಲವತ್ತು ಆಗುತ್ತೆ, ಇದು ಎಲ್ಲಾ ಸಭೆಗೂ ಗೊತ್ತಿರೋ ಗಣಿತ. ಪ್ರಸಂಗಿ ಆತಿಥೇಯ ಸಭೆಯವರು ಆಗಬಾರದು. ಕಟ್ಟಡ ಒಬ್ಬರದು, ಪ್ರಸಂಗ ಇನ್ನೊಬ್ಬರದು, ಆಶೀರ್ವಾದ ಎಲ್ಲರದು. ಆಮೇಲೆ ಆರು ಬಿನ್ನಹಗಳು, ಸಭೆಗೊಂದು. ಮುಂಚೆಯೇ ಬರೆದಿರಬೇಕು, ಒಂದೊಂದೂ 60ರಿಂದ 90 ಸೆಕೆಂಡು. ಬರೆಯದೆ ಬಂದವರು "ಪ್ರಾರ್ಥಿಸೋಣ" ಅಂತ ಶುರುಮಾಡಿ ಇನ್ನೊಂದು ಪ್ರಸಂಗ ಮಾಡುತ್ತಾರೆ.

ಎಡವೋ ಜಾಗ ಕರ್ತನ ಪ್ರಾರ್ಥನೆ. ಕಥೋಲಿಕರು "ಕೇಡಿನಿಂದ ರಕ್ಷಿಸಿ"ಗೆ ನಿಲ್ಲಿಸುತ್ತಾರೆ, ಅವರ ಪೂಜೆಯಲ್ಲಿ ಅಲ್ಲಿ ಗುರುಗಳ ಪ್ರಾರ್ಥನೆ ಬರುತ್ತೆ. ಉಳಿದವರು ರಾಜ್ಯ, ಬಲ, ಮಹಿಮೆ ಅಂತ ಮುಂದಕ್ಕೆ ಓಡುತ್ತಾರೆ. ಒಂದು ಕಡೆ ಆಮೆನ್, ಇನ್ನೊಂದು ಕಡೆ ಅರ್ಧ ವಾಕ್ಯ. ಒಂದು ಪಾಠ ಮುದ್ರಿಸಿ ಕೊಡಿ, ಇಲ್ಲವಾದರೆ ಅವರವರ ತಾಯ್ನುಡಿಯಲ್ಲಿ ಒಟ್ಟಿಗೆ ಹೇಳಿಸಿ. ಕನ್ನಡ, ತಮಿಳು, ಮಲಯಾಳ, ಕೊಂಕಣಿ, ಇಂಗ್ಲಿಷ್ ಕೂಡಿದ ಗದ್ದಲದಲ್ಲಿ ಯಾರು ಎಲ್ಲಿ ನಿಲ್ಲಿಸಿದರು ಅಂತ ಯಾರಿಗೂ ಕೇಳಿಸೋದಿಲ್ಲ.

ಹಾಡಿಗೂ ಹಾಗೇ. ರಾಗ ಒಂದೇ ಇದ್ದರೂ ಬಾಸೆಲ್ ಮಿಶನ್ ಕಡೆಯವರ ಕನ್ನಡ ಸಾಹಿತ್ಯ ಬೇರೆ, ವೆಸ್ಲಿಯನ್ ಕಡೆಯವರದು ಬೇರೆ ಇರುತ್ತೆ. ಪುಸ್ತಕದ ನಂಬರ್ ಹೇಳಿ ಕೈಬಿಡಬೇಡಿ, ಪೂರ್ತಿ ಸಾಲು ಅಚ್ಚು ಹಾಕಿಸಿ. 200 ಜನಕ್ಕೆ 230 ಪ್ರತಿ.

ಮಧ್ಯದ ಬೆಂಚು

ಕಥೋಲಿಕರ ಕಡೆಯಿಂದ ಒಂದಿಷ್ಟು. ಐಕ್ಯ ಕಾರ್ಯಗಳಿಗೆ ರೋಮ್ 1993ರಲ್ಲಿ ಹೊರಡಿಸಿದ ನಿರ್ದೇಶಿಕೆ ಇದೆ. ಜಂಟಿ ಪ್ರಾರ್ಥನೆಯನ್ನು ಭಾನುವಾರ ಇಡುವುದು ಸೂಕ್ತವಲ್ಲ ಎನ್ನುತ್ತದೆ ಅದು, ಏಕೆಂದರೆ ಜಂಟಿ ಪ್ರಾರ್ಥನೆಗೆ ಹೋಗಿಬಂದರೂ ಆ ದಿನದ ಬಲಿಪೂಜೆಯ (ಮಾಸ್) ಕರ್ತವ್ಯ ತೀರುವುದಿಲ್ಲ. ಶನಿವಾರ ಸಂಜೆಯ ಪೂಜೆ ಭಾನುವಾರದ ಲೆಕ್ಕಕ್ಕೇ ಬರುವುದರಿಂದ ಅದೂ ಆಗದು. ಮಂಗಳವಾರ ಸಂತ ಅಂತೋಣಿಯವರ ನೊವೇನಾ (ವಾರವಾರದ ಭಕ್ತಿ ಪ್ರಾರ್ಥನೆ), ಬುಧವಾರ ನಿತ್ಯಸಹಾಯ ಮಾತೆಯದು, ಗುರುವಾರ ವಿವೇಕನಗರದ ಬಾಲಯೇಸು. ಉಳಿಯುವುದು ಸೋಮವಾರ, ಶುಕ್ರವಾರ ಎರಡೇ. ಸೋಮವಾರ ಇರಲಿ!

ಬಲಿಪೂಜೆಯೊಳಗೆ ಪ್ರಬೋಧನೆ ಗುರು ಅಥವಾ ಉಪಯಾಜಕರಿಗೆ ಮೀಸಲು. ಬಲಿಪೂಜೆ ಅಲ್ಲದ ವಾಕ್ಯವಿಧಿಯಲ್ಲಿ ಆ ಕಟ್ಟುಪಾಡಿಲ್ಲ, ಸಿಎಸ್‌ಐ ಅಯ್ಯನವರೋ ಪೆಂತೆಕೋಸ್ತ್ ಪಾಸ್ಟರೋ ಕಥೋಲಿಕ ದೇವಾಲಯದೊಳಗೂ ಪ್ರಸಂಗ ಮಾಡಬಹುದು. ಅದಕ್ಕೇ ಇದನ್ನು "ಐಕ್ಯ ಪೂಜೆ" ಎಂದು ಆಮಂತ್ರಣ ಪತ್ರಿಕೆಯಲ್ಲಿ ಹಾಕಿಸಬೇಡಿ. ಹಾಗೆ ಹಾಕಿಸಿದರೆ ಧರ್ಮಕೇಂದ್ರದ ಗುರುಗಳಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ. "ಐಕ್ಯ ಪ್ರಾರ್ಥನೆ" ಎಂದರೆ ಸಾಕು.

ಓದುವಿಕೆ ಆರಿಸುವಾಗ 66 ಪುಸ್ತಕಗಳೊಳಗೇ ಇರಿ. ಕಥೋಲಿಕ ಬೈಬಲ್‌ನಲ್ಲಿ 73. ಜ್ಞಾನಗ್ರಂಥದಿಂದ ಎಷ್ಟೇ ಸೊಗಸಾದ ಭಾಗ ಆರಿಸಿದರೂ ಬ್ರದರನ್ ಹಿರಿಯರು "ಇದು ಎಲ್ಲಿದೆ?" ಎಂದು ಪುಟ ತಿರುವುತ್ತಾ ಕೂರುತ್ತಾರೆ. ವಾರದ ಓದುವಿಕೆ, ಪ್ರಾರ್ಥನೆಗಳನ್ನು 1968ರಿಂದ ವ್ಯಾಟಿಕನ್ ಮತ್ತು ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಒಟ್ಟಾಗಿ ಸಿದ್ಧಪಡಿಸುತ್ತವೆ. ಅದನ್ನೇ ಇಟ್ಟುಕೊಂಡರೆ ಅರ್ಧ ಜಗಳ ಅಲ್ಲಿಗೇ ಕಳೆಯಿತು.

ಕಮ್ಮನಹಳ್ಳಿ ಕುರ್ಬಾನ

ಸೋಮವಾರ ಅಂತ ತೀರ್ಮಾನ ಮಾಡೋ ಮುಂಚೆ ಆ ವರ್ಷದ ಈಸ್ಟರ್ ತಾರೀಖು ನೋಡಿ. ನಮ್ಮಲ್ಲಿ ನಿನೆವೆಯ ಮೂರು ದಿನದ ಉಪವಾಸ, ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮುಂಚಿನ ಸೋಮವಾರ ಶುರುವಾಗುತ್ತೆ. ಈಸ್ಟರ್ ಬೇಗ ಬಂದರೆ ಅದು ಜನವರಿಗೇ ಇಳಿಯುತ್ತೆ. 2024ರಲ್ಲಿ ಜನವರಿ 22ರಿಂದ 24, ಸರಿಯಾಗಿ ಐಕ್ಯ ವಾರದ ನಡುಮಧ್ಯೆ. ಅಂಥ ವರ್ಷ ಪ್ರಾರ್ಥನೆಗೆ ಬರ್ತೀವಿ, ತಿಂಡಿ ಮುಟ್ಟಲ್ಲ. ಬುಧವಾರ, ಶುಕ್ರವಾರವೂ ನೇಮದ ದಿನ, ಮೊಟ್ಟೆ ಪಫ್ಸು ಚಿಕನ್ ರೋಲು ಇಡಬೇಡಿ.

ವಿಶ್ವಾಸ ಪ್ರಮಾಣದ ಬಗ್ಗೆ: ಅಪೊಸ್ತಲರ ಪ್ರಮಾಣ ಎಲ್ಲರಿಗೂ ಸಾಮಾನ್ಯ ಅಂತ ಪಾಶ್ಚಾತ್ಯ ಸಭೆಗಳವರು ತಿಳಿದಿರುತ್ತಾರೆ. ನಮ್ಮ ಆರಾಧನೆಯಲ್ಲಿ ಅದು ಇಲ್ಲವೇ ಇಲ್ಲ. ನಮ್ಮದು ನೈಸಿಯದ್ದು, 325ರಲ್ಲಿ ಶುರುವಾಗಿ 381ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಅದರಲ್ಲೂ ಪವಿತ್ರಾತ್ಮರು "ತಂದೆಯಿಂದ ಹೊರಡುವವರು" ಅಷ್ಟೇ. "ಮಗನಿಂದಲೂ" ಅನ್ನೋದು ಪಶ್ಚಿಮದವರು ಆಮೇಲೆ ಸೇರಿಸಿದ್ದು. ಅದನ್ನು ಅಚ್ಚು ಹಾಕಿದರೆ ನಮ್ಮ ಅಚ್ಚನ್ (ಪಾದ್ರಿ) ಆ ಸಾಲಿಗೆ ಬಾಯಿ ಮುಚ್ಚಿ ನಿಲ್ಲುತ್ತಾರೆ. ಹಳೇ ಪಾಠ ಹಾಕಿದರೆ ಕಥೋಲಿಕರಿಗೂ ತೊಂದರೆ ಇಲ್ಲ, 2000ದಲ್ಲಿ ವ್ಯಾಟಿಕನ್ನಿನದೇ ಒಂದು ದೊಡ್ಡ ಪ್ರಕಟಣೆ ಆ ಸಾಲಿಲ್ಲದ ಪಾಠವನ್ನೇ ಉದ್ಧರಿಸಿದೆ.

ಬೆರೋಯದವನು

ಪ್ರಿಯರೇ, ಬ್ರದರನ್ ಮತ್ತು ಪೆಂತೆಕೋಸ್ತ್ ಸಭೆಗಳನ್ನು ಕರೆಯೋದಾದರೆ ಕೆಲವು ಮಾತು ಮೊದಲೇ ತಿಳಿದಿರಲಿ. ಇಬ್ಬರೂ ಒಂದೇ ಅಲ್ಲ. ಪೆಂತೆಕೋಸ್ತಿನವರು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ಅನ್ಯಭಾಷೆಯಲ್ಲಿ ಮಾತಾಡುತ್ತಾರೆ. ಬ್ರದರನ್ನರಲ್ಲಿ ಬಹುಪಾಲು ಜನ ಆ ವರಗಳು ಅಪೊಸ್ತಲರ ಕಾಲಕ್ಕೇ ನಿಂತವು ಅನ್ನುತ್ತಾರೆ. ಅಂದರೆ ನಿಮ್ಮ ಆರು ಸಭೆಗಳಲ್ಲಿ ಅತಿ ದೂರ ಇರೋದು ಕಥೋಲಿಕರು ಮತ್ತು ಪೆಂತೆಕೋಸ್ತರು ಅಂತ ಅಂದುಕೊಳ್ಳಬೇಡಿ. ಕಥೋಲಿಕರಲ್ಲಿ ಕರಿಜ್ಮಾಟಿಕ್ ಪ್ರಾರ್ಥನಾ ಕೂಟದವರು ಪೆಂತೆಕೋಸ್ತರ ಪಕ್ಕ ಸುಲಭವಾಗಿ ಕೂರುತ್ತಾರೆ, ಬ್ರದರನ್ನರು ಕೂರಲ್ಲ.

ಆಮಂತ್ರಣದಲ್ಲಿ ಬ್ರದರನ್ ಹಿರಿಯರ ಹೆಸರಿನ ಹಿಂದೆ ರೆವರೆಂಡ್, ಪಾಸ್ಟರ್ ಹಾಕಬೇಡಿ. ಆ ಸಭೆಯಲ್ಲಿ ಪಾದ್ರಿ ಅನ್ನೋ ಹುದ್ದೆ ಇಲ್ಲ. "ಸಹೋದರ" ಸಾಕು. ವಿಗ್ರಹಗಳಿರೋ ದೇವಾಲಯದೊಳಗೆ ಕೆಲವರು ಬರಲ್ಲ, ಶಾಲೆಯ ಹಾಲ್ ಆದರೆ ಬರುತ್ತಾರೆ. ಜಪಸರ, ಸಂತರ ಬಿನ್ನಹ, ಸತ್ತವರಿಗಾಗಿ ಪ್ರಾರ್ಥನೆ ಇದ್ದರೆ ಅರ್ಧಕ್ಕೆ ಎದ್ದು ಹೋಗುತ್ತಾರೆ. ಬರೆದಿಟ್ಟ ವಿಶ್ವಾಸ ಪ್ರಮಾಣ ಹೇಳೋ ರೂಢಿ ಇಲ್ಲ. ತ್ರಿತ್ವವನ್ನೋ ಪುನರುತ್ಥಾನವನ್ನೋ ಒಪ್ಪಲ್ಲ ಅಂತಲ್ಲ. ವಾಕ್ಯದ ಪಕ್ಕ ಇನ್ನೊಂದನ್ನು ಇಡಬಾರದು ಅಂತ. ಅದರ ಜಾಗದಲ್ಲಿ ಫಿಲಿಪ್ಪಿ 2:5ರಿಂದ 11 ಅಥವಾ ಮೊದಲನೇ ಕೊರಿಂಥ 15:3ರಿಂದ 5 ಎಲ್ಲರೂ ನಿಂತು ಓದಲಿ. ಒಬ್ಬರೂ ಬಾಯಿ ಮುಚ್ಚಿಕೊಳ್ಳೋ ಪ್ರಸಂಗ ಬರಲ್ಲ.

ಇನ್ನೊಂದು ಮಾತು, ಕಹಿ ಆದರೂ ಹೇಳ್ತೀನಿ. ಐಕ್ಯತೆ ಅಂದರೆ ಸಿದ್ಧಾಂತವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರೋದು ಅಂತಾದರೆ ಅಂಥ ಐಕ್ಯತೆ ನಮಗೆ ಬೇಡ. ನಂಬಿಕೆಯಿಂದ ಮಾತ್ರ ನೀತಿವಂತರಾಗೋದು ಅನ್ನೋದು ಚಿಕ್ಕ ವಿಷಯ ಅಲ್ಲ.

ಮಧ್ಯದ ಬೆಂಚು

ಬ್ರದರ್, ಆ ಕೊನೆಯ ಮಾತಿಗೆ: 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವರ್ಲ್ಡ್ ಫೆಡರೇಶನ್ ನೀತೀಕರಣದ (ದೇವರ ಮುಂದೆ ನೀತಿವಂತರೆನಿಸುವುದು) ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿವೆ. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಸೇರಿಕೊಂಡವು. ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿ ಇಟ್ಟ ವಿಶ್ವಾಸದಲ್ಲಿ, ಕೃಪೆಯಿಂದ ಮಾತ್ರ ಎಂದು ಇಬ್ಬರೂ ಕೂಡಿ ಒಪ್ಪಿದ್ದಾರೆ. "ಕಥೋಲಿಕರು ಕ್ರಿಯೆಗಳಿಂದ ರಕ್ಷಣೆ ಎನ್ನುತ್ತಾರೆ" ಎಂದು ಪ್ರಸಂಗದಲ್ಲಿ ಹೇಳುವವರು ಅದನ್ನು ಒಮ್ಮೆ ಓದಲಿ.

ಬೆರೋಯದವನು

ಓದಿದ್ದೀವಿ ಸರ್. ಸಹಿ ಹಾಕಿದವರಲ್ಲಿ ನಾವಿಲ್ಲ. "ವಿಶ್ವಾಸದಿಂದ ಮಾತ್ರ" ಅಂತ ಲೂಥರ್ ಹೇಳಿದ್ದಕ್ಕೂ ಅಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಉಳಿದೇ ಇದೆ, ಉಳಿದಿದೆ ಅಂತ ಆ ಘೋಷಣೆಯೇ ಒಪ್ಪುತ್ತೆ. ಆದರೆ ಕ್ರಿಯೆಯ ಮಾತನ್ನ ಪ್ರಸಂಗದಲ್ಲಿ ಹಗುರವಾಗಿ ಆಡಬಾರದು ಅನ್ನೋದು ಸರಿ.

ಸೇಂಟ್ ಮಾರ್ಕ್ಸ್ ರಸ್ತೆ

ಪ್ರಭುಭೋಜನ ಬೇಡ ಅಂತ ಹಳೇ ಕಾಯಿರ್ ಒಂದೇ ಏಟಿಗೆ ಕತ್ತರಿಸಿದ್ದು ಸಿಎಸ್‌ಐನವರಿಗೆ ಅಷ್ಟು ಸುಲಭವಾಗಿ ನುಂಗೋಕೆ ಆಗಲ್ಲ. ನಮ್ಮ ಸಭೆ ಹುಟ್ಟಿದ್ದೇ ಪ್ರಭುಭೋಜನದ ಮೇಜು ಹಂಚಿಕೊಂಡು. 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರುವಾಗಿ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಮುಗಿಯಿತು, 28 ವರ್ಷ. ನಮ್ಮೂರಲ್ಲೇ ನೋಡಿ: ಸೇಂಟ್ ಮಾರ್ಕ್ಸ್ ಆಂಗ್ಲಿಕನ್, ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಸ್ಕಾಟಿಷ್ ಪ್ರೆಸ್ಬಿಟೇರಿಯನ್, ಹಡ್ಸನ್ ಮೆಮೋರಿಯಲ್ ವೆಸ್ಲಿಯನ್, ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಲಂಡನ್ ಮಿಶನ್. ನಾಲ್ಕೂ ಇವತ್ತು ಸಿಎಸ್‌ಐ. ಬಿಷಪರು ಇರೋ ಸಭೆ, ಬಿಷಪರೇ ಬೇಡ ಅನ್ನೋ ಸಭೆ ಎರಡನ್ನೂ ಕೂಡಿಸಿದ್ದು ಹೇಗೆ ಅಂದರೆ, ಆಗ ಇದ್ದ ಎಲ್ಲಾ ಪಾದ್ರಿಗಳನ್ನೂ ಮರು ಅಭಿಷೇಕ ಇಲ್ಲದೆ ಒಪ್ಪಿಕೊಂಡರು, ಮುಂದಿನ ಅಭಿಷೇಕ ಎಲ್ಲಾ ಬಿಷಪರಿಂದ ಅಂದರು, ಒಗ್ಗೋಕೆ 30 ವರ್ಷದ ಅವಧಿ ಇಟ್ಟುಕೊಂಡರು. ಯಾವ ಸಭೆಯ ಮೇಲೂ ಅವರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನು ಹೇರಲ್ಲ ಅಂತ ಮಾತು ಕೊಟ್ಟರು.

ಹೊಸಬರಿಗೆ ಗೊಂದಲ ಆಗೋ ಇನ್ನೊಂದು ವಿಷಯ: ನಿಮ್ಮ ಪಟ್ಟಿಯ ಮೆಥಡಿಸ್ಟರು ಬ್ರಿಟಿಷ್ ವೆಸ್ಲಿಯನ್ನರಲ್ಲ. ಆ ಕಡೆಯವರು 1947ರಲ್ಲೇ ಸಿಎಸ್‌ಐಗೆ ಬಂದರು. ಅಮೆರಿಕನ್ ಮೂಲದವರು ಹೊರಗೆ ಉಳಿದು 1981ರಿಂದ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ. ಬಾಲ್ಡ್‌ವಿನ್ ಶಾಲೆಗಳು ಅವರವು. ಸಿಎಸ್‌ಐ, ಮೆಥಡಿಸ್ಟ್ ಇಬ್ಬರೇ ಸೇರೋ ದಿನ ಪ್ರಭುಭೋಜನ ಖಂಡಿತ ಇಡಬಹುದು. ಮಾರ್ ಥೋಮ ಸಭೆಯ ಜೊತೆಗಂತೂ ಸಿಎಸ್‌ಐಗೆ ಪೂರ್ಣ ಸಹಭಾಗಿತ್ವ ಇದೆ, ಪಾದ್ರಿಗಳೇ ಕೂಡಿ ನಡೆಸಬಹುದು.

ಪ್ರಶ್ನೆ ಕಥೋಲಿಕರಿಗೆ: ನಮ್ಮ ಮೇಜಿಗೆ ನೀವು ಬರಬಹುದು ಅಂತ ನಾವು ಕರೀತೀವಿ. ನಿಮ್ಮ ಮೇಜಿಗೆ ನಮ್ಮನ್ನು ಯಾಕೆ ಕರೆಯಲ್ಲ?

ಮಧ್ಯದ ಬೆಂಚು

ನೇರ ಪ್ರಶ್ನೆಗೆ ನೇರ ಉತ್ತರ. ಧರ್ಮಸಭೆಯ ಕಾನೂನು ಸಂಹಿತೆಯ 844ನೇ ಕಲಂ. ಸಾವಿನ ಅಪಾಯ ಅಥವಾ ಧರ್ಮಾಧ್ಯಕ್ಷರು ಒಪ್ಪುವಂಥ ಗಂಭೀರ ಅಗತ್ಯ ಇದ್ದಾಗ ಪ್ರೊಟೆಸ್ಟಂಟರಿಗೂ ಪರಮಪ್ರಸಾದ (ನೀವು ಪ್ರಭುಭೋಜನ ಎನ್ನುವುದು) ಕೊಡಬಹುದು: ತಮ್ಮ ಸಭೆಯ ಪಾದ್ರಿಯನ್ನು ತಲುಪಲು ಆಗದಿರಬೇಕು, ತಾವಾಗಿಯೇ ಕೇಳಬೇಕು, ಪರಮಪ್ರಸಾದದ ಬಗ್ಗೆ ಕಥೋಲಿಕ ವಿಶ್ವಾಸವನ್ನೇ ತೋರಬೇಕು, ಯೋಗ್ಯ ಸಿದ್ಧತೆಯಲ್ಲಿರಬೇಕು. ಐಕ್ಯ ಪ್ರಾರ್ಥನೆಯ ಸಂಜೆ ಆ ಅಗತ್ಯದೊಳಗೆ ಬರುವುದಿಲ್ಲ, ನಿಮ್ಮ ಅಯ್ಯನವರು ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಇನ್ನು ನಾವು ನಿಮ್ಮಲ್ಲಿಗೆ ಬಂದು ತೆಗೆದುಕೊಳ್ಳುವ ವಿಷಯ: ಗುರುದೀಕ್ಷೆ ಸಿಂಧುವಾಗಿರುವ ಸಭೆಯಿಂದ ಮಾತ್ರ ಎಂಬುದು ನಿಯಮ. ಆಂಗ್ಲಿಕನ್ ದೀಕ್ಷೆ ಅಸಿಂಧು ಎಂದು 1896ರಲ್ಲಿ 13ನೇ ಲಿಯೋ ಹೇಳಿದ್ದು ಇಂದಿಗೂ ಬದಲಾಗಿಲ್ಲ. ಸಿಎಸ್‌ಐ ಬಿಷಪರ ಪರಂಪರೆ ಅದೇ ದಾರಿಯಲ್ಲಿ ಬಂದದ್ದು. ಕೇಳಲು ಹಿತವಲ್ಲ, ಗೊತ್ತು. ನಮ್ಮ ದೃಷ್ಟಿಯಲ್ಲಿ ಒಂದೇ ಪರಮಪ್ರಸಾದ ಎಂದರೆ ಒಂದೇ ಸಭೆ ಎಂದು ಸಾರಿದಂತೆ. ಆಗದ ಮದುವೆಗೆ ಮುಂಚೆಯೇ ಆರತಕ್ಷತೆ ಮಾಡುವುದು ಸರಿಯಲ್ಲ.

ಪೂರ್ವದ ಸಭೆಗಳಿಗೆ ಲೆಕ್ಕ ಬೇರೆ. ಯಾಕೋಬಾಯ, ಅಂದರೆ ಅಂತಿಯೋಕ್ಯದ ಪಾತ್ರಿಯಾರ್ಕರ ಕಡೆಯ ಸುರಿಯಾನಿ ಆರ್ಥೊಡಾಕ್ಸರ ಜೊತೆ 1984ರ ಒಪ್ಪಂದವೇ ಇದೆ. ತಮ್ಮ ಗುರು ಸಿಗದಿದ್ದಾಗ ಒಬ್ಬರ ವಿಶ್ವಾಸಿಗಳು ಇನ್ನೊಬ್ಬರಲ್ಲಿ ಸಂಸ್ಕಾರ ಪಡೆಯಬಹುದು.

ಕಮ್ಮನಹಳ್ಳಿ ಕುರ್ಬಾನ

ಆ ಒಪ್ಪಂದ ಯಾಕೋಬಾಯರಿಗೆ. ಕಥೋಲಿಕೋಸ್ (ನಮ್ಮ ಸಭೆಯ ಮುಖ್ಯಸ್ಥರು) ಕಡೆಯ ಮಲಂಕರ ಆರ್ಥೊಡಾಕ್ಸರಿಗೆ ಅನ್ವಯ ಆಗಲ್ಲ. ಬೆಂಗಳೂರಲ್ಲಿ ಎರಡೂ ಸಭೆ ಇವೆ, ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಆಮಂತ್ರಣದಲ್ಲಿ ಹೆಸರು ಅದಲುಬದಲು ಮಾಡಿದರೆ ಎರಡೂ ಕಡೆಯವರು ಬರಲ್ಲ.

ಬೆರೋಯದವನು

ಸಿಎಸ್‌ಐ ಅಣ್ಣನವರು ಕಥೋಲಿಕರನ್ನು ಮಾತ್ರ ಕೇಳ್ತಾ ಇದ್ದಾರೆ. ಬ್ರದರನ್ ಸಭೆಯಲ್ಲೂ ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ, ಊರಿನಿಂದ ಬಂದ ಬ್ರದರನ್ನರೇ ಆದರೂ ಅವರ ಸಭೆಯ ಶಿಫಾರಸು ಪತ್ರ ತರದಿದ್ದರೆ ಹಿಂದಿನ ಬೆಂಚಲ್ಲಿ ಕೂರಿಸೋ ಸಭೆಗಳಿವೆ. ಮುಚ್ಚಿದ ಮೇಜು ರೋಮಿನವರದು ಮಾತ್ರ ಅಲ್ಲ.

ಹಳೇ ಕಾಯಿರ್

ಕೆಲವರು "ಪ್ರಭುಭೋಜನದ ಬದಲು ಪ್ರೇಮಭೋಜನ ಇಡೋಣ" ಅಂತ ಬ್ರೆಡ್ಡು ದ್ರಾಕ್ಷಾರಸ ತಂದು ಹಂಚೋ ಐಡಿಯಾ ಕೊಡ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ದಾರಿ. ಒಬ್ಬ ಅಜ್ಜಿ ಅದನ್ನ ಸಂಸ್ಕಾರ ಅಂದುಕೊಂಡು ಮುಸುಕು ಹಾಕಿ ಮೊಣಕಾಲೂರಿ ತಗೋತಾರೆ, ಪಕ್ಕದಲ್ಲಿ ಒಬ್ಬ ಹುಡುಗ ಬಿಸ್ಕತ್ ಥರ ಅಗಿದು ನುಂಗ್ತಾನೆ. ಉಪ್ಪಿಟ್ಟು, ಕೇಸರಿಬಾತ್, ಕಾಫಿ ಇಡಿ, ಯಾರಿಗೂ ಅನುಮಾನ ಬರಲ್ಲ. 200 ಜನಕ್ಕೆ ರವೆ 12 ಕೆಜಿ. ಕಾಫಿ ತಲೆಗೆ 100 ಎಂಎಲ್ ಅಂದರೆ 20 ಲೀಟರ್. ಹಾಲು 14 ಲೀಟರ್, ಉಳಿದದ್ದು ಡಿಕಾಕ್ಷನ್ನು. ಬಡಿಸೋರು ಪ್ರತಿ ಸಭೆಯಿಂದ ಇಬ್ಬರು. ಒಂದೇ ಸಭೆಯ ಹೆಂಗಸರ ಮೇಲೆ ಹಾಕಿದರೆ ಅವರು ಪ್ರಾರ್ಥನೆಯ ಕೊನೆಯ 20 ನಿಮಿಷ ಅಡುಗೆಮನೆಯಲ್ಲಿರುತ್ತಾರೆ.

ಆಶೀರ್ವಾದದ ವಿಷಯ ಬಿಟ್ಟುಹೋಗಿತ್ತು. ಸಿಎಸ್‌ಐನಲ್ಲಿ ಮಹಿಳಾ ಪಾದ್ರಿಗಳಿದ್ದಾರೆ, 2013ರಿಂದ ಮಹಿಳಾ ಬಿಷಪರನ್ನೂ ಕಂಡ ಸಭೆ ಅದು. ಕಥೋಲಿಕ, ಆರ್ಥೊಡಾಕ್ಸ್, ಬ್ರದರನ್ ಸಭೆಗಳವರಿಗೆ ಅದು ಒಪ್ಪಿಗೆ ಇಲ್ಲ. ಯಾರು ಆಶೀರ್ವಾದ ಕೊಡೋದು ಅಂತ ಎಳೆದಾಡೋ ಬದಲು ಬೈಬಲ್‌ನ ಅರಣ್ಯಕಾಂಡ 6:24ರಿಂದ 26ನ್ನು ಆರೂ ಸಭೆಯ ಪ್ರತಿನಿಧಿಗಳು ಒಟ್ಟಿಗೆ ಹೇಳಲಿ, ಎದುರು ನಿಂತು. ಮಹಿಳಾ ಪಾದ್ರಿಯನ್ನ "ಕಷ್ಟ ಆಗುತ್ತೆ" ಅಂತ ವೇದಿಕೆಗೆ ಕರೆಯದೇ ಇರೋದು ಸರಿ ಅಲ್ಲ. ಆ ಸಭೆಯ ಪ್ರತಿನಿಧಿ ಯಾರು ಅಂತ ಆ ಸಭೆಯೇ ತೀರ್ಮಾನ ಮಾಡಬೇಕು.

ಗೋಡೆಯ ಮೇಲಿನ ಗಡಿಯಾರ

ಊಟತಿಂಡಿ, ಆಶೀರ್ವಾದ ಎಲ್ಲಾ ಸರಿ. ನಿಜವಾದ ಜಗಳ ಮರುವಾರ ಶುರುವಾಗುತ್ತೆ, ಕುರಿ ಕದಿಯೋದು. ಜಂಟಿ ಕೂಟದಲ್ಲಿ ಪರಿಚಯ ಆದ ಮನೆಗೆ ಎರಡು ದಿನ ಬಿಟ್ಟು ಇನ್ನೊಂದು ಸಭೆಯವರು "ಪ್ರಾರ್ಥನೆ ಮಾಡಿ ಹೋಗೋಣ ಅಂತ ಬಂದ್ವಿ" ಅನ್ನುತ್ತಾರೆ, ಆರು ತಿಂಗಳಿಗೆ ಆ ಮನೆಯ ಮಗನಿಗೆ ಮುಳುಗಿಸಿ ದೀಕ್ಷಾಸ್ನಾನ. ಹೀಗಾಗಿ ಎಷ್ಟೋ ಅಯ್ಯನವರು ಜಂಟಿ ಕೂಟ ಅಂದರೇ ಹಿಂದೆ ಸರೀತಾರೆ.

ಮುಂಚೆಯೇ ಬರೆದು ಆರೂ ಸಭೆಯವರ ಸಹಿ ಹಾಕಿಸಿಕೊಳ್ಳಿ, ಅರ್ಧ ಪುಟ ಸಾಕು. ಫೋನ್ ನಂಬರ್ ಪಟ್ಟಿ ಇಲ್ಲ, ವಾಟ್ಸ್ಯಾಪ್ ಗ್ರೂಪ್ ಇಲ್ಲ, ಕರಪತ್ರದ ಟೇಬಲ್ ಇಲ್ಲ, ಪ್ರಸಂಗದ ಕೊನೆಗೆ "ಕೈ ಎತ್ತಿ, ಮುಂದೆ ಬನ್ನಿ" ಅನ್ನೋ ಕರೆ ಇಲ್ಲ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸೋದಿದ್ದರೆ ಅವರವರ ಸಭಾಪಾಲಕರು ಅವರವರ ಜನಕ್ಕೆ. ಕಾಣಿಕೆ ಎತ್ತೋದಾದರೆ ಯಾರಿಗೆ ಹೋಗುತ್ತೆ ಅಂತ ಮೊದಲೇ ಮುದ್ರಿಸಿ, ಬೇರೆ ಬೇರೆ ಸಭೆಯ ಇಬ್ಬರು ಅಲ್ಲೇ ಎಣಿಸಿ ಸಹಿ ಹಾಕಲಿ.

ಬೆರೋಯದವನು

ಆ ಅರ್ಧ ಪುಟಕ್ಕೆ ಒಪ್ಪಿಗೆ, ಒಂದು ಬಿಟ್ಟು. ಯಾರೋ ತಾವಾಗಿ ಬಂದು "ನನಗೆ ವಿಶ್ವಾಸ ಬಂದಿದೆ, ದೀಕ್ಷಾಸ್ನಾನ ಕೊಡಿ" ಅಂದರೆ ಬೇಡ ಅನ್ನೋಕೆ ನಮಗೆ ಅಧಿಕಾರ ಇಲ್ಲ. ಮಗುವಾಗಿದ್ದಾಗ ನೀರು ಹಾಕಿದ್ದನ್ನ ನಾವು ದೀಕ್ಷಾಸ್ನಾನ ಅಂತ ಎಣಿಸಲ್ಲ, ಹಾಗಾಗಿ ನಮ್ಮ ಪ್ರಕಾರ ಇದು ಎರಡನೇ ಸಲ ಅಲ್ಲ, ಮೊದಲನೇ ಸಲ. ಕೊಡೋಕೆ ಮುಂಚೆ ಅವರ ಹಳೇ ಸಭಾಪಾಲಕರಿಗೆ ಒಂದು ಮಾತು ಹೇಳಬೇಕು ಅನ್ನೋದಾದರೆ ಹೇಳ್ತೀವಿ.

ಸೇಂಟ್ ಮಾರ್ಕ್ಸ್ ರಸ್ತೆ

ನಿಮಗೆ ಮೊದಲನೇ ಸಲ, ನಮಗೆ ದೇವರು ಮಾಡಿದ್ದನ್ನ ಇಲ್ಲ ಅಂದ ಹಾಗೆ. ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ 1982ರ ಲೀಮಾ ದಾಖಲೆಯಲ್ಲೂ ಮರುದೀಕ್ಷಾಸ್ನಾನ ಅಂತ ಕಾಣೋ ಯಾವ ಪದ್ಧತಿಯನ್ನೂ ತಪ್ಪಿಸಬೇಕು ಅಂತ ಬರೆದಿದೆ. ಇದು ಈ ಚರ್ಚೆಯಲ್ಲಿ ಬಗೆಹರಿಯೋ ವಿಷಯ ಅಲ್ಲ. ಹಳೇ ಸಭೆಗೆ ತಿಳಿಸ್ತೀವಿ ಅನ್ನೋ ಮಾತು ಬರಹದಲ್ಲಿ ಇರಲಿ, ಅಷ್ಟೂ ಎಷ್ಟೋ ಕಡೆ ಇಲ್ಲ.

ಮಧ್ಯದ ಬೆಂಚು

ಪ್ರಮಾಣಪತ್ರದ ಬಗ್ಗೆ ಸ್ವತಂತ್ರ ಸಭೆಗಳಿಗೆ ಒಂದು ಕೋರಿಕೆ. ನೀರು ಮತ್ತು "ತಂದೆಯ, ಮಗನ, ಪವಿತ್ರಾತ್ಮರ ನಾಮದಲ್ಲಿ" ಎಂಬ ಮಾತು, ಇವೆರಡೂ ಇದ್ದರೆ ಕಥೋಲಿಕ ಸಭೆ ಆ ದೀಕ್ಷಾಸ್ನಾನವನ್ನು ಒಪ್ಪುತ್ತದೆ, ಮತ್ತೆ ಕೊಡುವುದಿಲ್ಲ. "ಯೇಸುವಿನ ನಾಮದಲ್ಲಿ" ಮಾತ್ರ ಕೊಡುವ ಸಭೆಗಳದ್ದನ್ನು ಒಪ್ಪುವುದಿಲ್ಲ. ಪತ್ರದಲ್ಲಿ ಬರೀ "ದೀಕ್ಷಾಸ್ನಾನ ಪಡೆದಿರುತ್ತಾರೆ" ಎಂದಿದ್ದರೆ ಮದುವೆ ಹೊತ್ತಿಗೆ ಒದ್ದಾಟ. ತಾರೀಖು, ಮುಳುಗಿಸಿದ್ದೋ ನೀರು ಸುರಿದದ್ದೋ, ಹೇಳಿದ ಮಾತು, ಕೊಟ್ಟವರ ಹೆಸರು, ಇಬ್ಬರು ಸಾಕ್ಷಿಗಳು. ಐದೂ ಇರಲಿ.

ಹೆಣ್ಣಿನ ಕಡೆಯವರು

ಮದುವೆ ಮಾತು ಬಂತಲ್ಲ, ಕೇಳಿಬಿಡ್ತೀನಿ. ಹುಡುಗಿ ಕಥೋಲಿಕ, ಹುಡುಗ ಸಿಎಸ್‌ಐ. ಬೆಳಗ್ಗೆ ನಮ್ಮ ದೇವಾಲಯದಲ್ಲಿ, ಸಂಜೆ ಅವರ ಚರ್ಚಲ್ಲಿ, ಎರಡೂ ಕಡೆ ಮಾಡಿದರೆ ಇಬ್ಬರಿಗೂ ಸಮಾಧಾನ ಅಂತಾರೆ ಹಿರಿಯರು. ಆಗುತ್ತಾ ಸರ್?

ಮಧ್ಯದ ಬೆಂಚು

ಆಗುವುದಿಲ್ಲಮ್ಮಾ. ಅದೇ ಕಾನೂನು ಸಂಹಿತೆಯ 1127ನೇ ಕಲಂ ಅದನ್ನೇ ಹೆಸರಿಸಿ ಬೇಡ ಎನ್ನುತ್ತದೆ: ಒಪ್ಪಿಗೆ ಕೊಡುವ ವಿಧಿ ಎರಡು ಸಲ ನಡೆಯಬಾರದು, ಒಂದೇ ವಿಧಿಯಲ್ಲಿ ಗುರುಗಳೂ ಅಯ್ಯನವರೂ ಇಬ್ಬರೂ ಒಪ್ಪಿಗೆ ಕೇಳಲೂಬಾರದು. ಎರಡು ದಾರಿ ಇವೆ. ಕಥೋಲಿಕ ದೇವಾಲಯದಲ್ಲಿ ಧರ್ಮಾಧ್ಯಕ್ಷರ ಅನುಮತಿಯೊಡನೆ, ಸಾಮಾನ್ಯವಾಗಿ ಬಲಿಪೂಜೆ ಇಲ್ಲದೆ ವಾಕ್ಯವಿಧಿಯೊಳಗೆ. ಸಿಎಸ್‌ಐ ಅಯ್ಯನವರು ಬಂದು ವಾಕ್ಯ ಓದಿ, ಪ್ರಾರ್ಥಿಸಿ, ಆಶೀರ್ವದಿಸಬಹುದು. ಅಥವಾ ವಿಧಿಯಿಂದ ವಿನಾಯಿತಿ ಪಡೆದು ಸಿಎಸ್‌ಐ ಚರ್ಚಿನಲ್ಲೇ, ಗುರುಗಳು ಅತಿಥಿಯಾಗಿ. ವಿನಾಯಿತಿ ಪಡೆಯದೆ ಅಲ್ಲಿ ಆದರೆ ಕಥೋಲಿಕ ಸಭೆಯ ಲೆಕ್ಕದಲ್ಲಿ ಮದುವೆ ಸಿಂಧುವಲ್ಲ. ಇನ್ನೊಂದು ತಪ್ಪು ತಿಳಿವಳಿಕೆ: ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ಮಾತು ಕೊಡಬೇಕಾದವರು ಕಥೋಲಿಕರು. ಹುಡುಗನಿಗೆ ಅದನ್ನು ತಿಳಿಸಬೇಕು, ಅವನು ಮಾತು ಕೊಡಬೇಕಿಲ್ಲ. ಇದನ್ನು ಸರಿಯಾಗಿ ಹೇಳದೆ ಎಷ್ಟೋ ಸಂಬಂಧ ಮುರಿಯುತ್ತವೆ.

ಹುಡುಗಿಯ ದೀಕ್ಷಾಸ್ನಾನ ಪತ್ರ ಹೊಸದಾಗಿ ಬರೆಸಿದ್ದಿರಬೇಕು, ಆರು ತಿಂಗಳೊಳಗಿನದು. ಹುಡುಗನದು ದೀಕ್ಷಾಸ್ನಾನ ಪತ್ರ, ಮದುವೆಯಾಗಿಲ್ಲವೆಂದು ಅವರ ಅಯ್ಯನವರ ಪತ್ರ. ಮದುವೆ ಪೂರ್ವ ತರಬೇತಿ, ಎರಡೂ ಕಡೆ ಮೂರು ಭಾನುವಾರ ಪ್ರಕಟಣೆ. ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಗುರುಗಳನ್ನು ನೋಡಿ, ಮೂರು ತಿಂಗಳಾದರೂ ಕೈಯಲ್ಲಿರಲಿ.

ಗೋಡೆಯ ಮೇಲಿನ ಗಡಿಯಾರ

ಸ್ವತಂತ್ರ ಸಭೆಯ ಮದುವೆಗಳಿಗೆ ಇನ್ನೊಂದು ಎಚ್ಚರಿಕೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬಿಷಪರಿಂದ ಅಭಿಷೇಕ ಪಡೆದವರನ್ನು ಬಿಟ್ಟರೆ ಉಳಿದ ಪಾಸ್ಟರುಗಳಿಗೆ ಮದುವೆ ನಡೆಸೋ ಲೈಸೆನ್ಸ್ ಬೇಕು. ಲೈಸೆನ್ಸ್ ಪ್ರತಿ ಮೊದಲೇ ಕೇಳಿ ನೋಡಿ, ನಾಚಿಕೆ ಬೇಡ. ಇಲ್ಲದವರು ಕೊಟ್ಟ ಪತ್ರ ಪಾಸ್‌ಪೋರ್ಟಿಗೆ, ವೀಸಾಕ್ಕೆ ಹೋದಾಗ ನಿಲ್ಲುತ್ತೆ. ಸಮಯವೂ ಬೆಳಗ್ಗೆ 6ರಿಂದ ಸಂಜೆ 7ರೊಳಗೆ, ವಿಶೇಷ ಅನುಮತಿ ಇದ್ದರೆ ಬೇರೆ.

ಸಾವಿನ ಮನೆಯಲ್ಲೂ ಇದೇ ಗೋಳು, ಅಲ್ಲಿ ಮೂರು ತಿಂಗಳಲ್ಲ, ಮೂರು ಗಂಟೆಯೂ ಇರಲ್ಲ. ಸ್ವಂತ ಸ್ಮಶಾನ ಇಲ್ಲದ ಸಣ್ಣ ಸಭೆಗಳು ದೊಡ್ಡ ಸಭೆಯ ಜಾಗಕ್ಕೆ ಹೋಗಿ ಕೇಳಬೇಕು, ಅವರು ಸಭಾಪಾಲಕರ ಪತ್ರ ಕೇಳುತ್ತಾರೆ. ಬದುಕಿರೋವಾಗಲೇ ಸಭೆಗಳ ನಡುವೆ ಲಿಖಿತ ಏರ್ಪಾಡು ಇರಲಿ. ಮಿಶ್ರ ಕುಟುಂಬದ ಸಾವಿಗೆ ಯೋಹಾನ 11:25, ಮೊದಲನೇ ಥೆಸಲೋನಿಕ 4:13ರಿಂದ 18 ಓದಿ. ಆತ್ಮಶಾಂತಿಯ ಪ್ರಾರ್ಥನೆ ಕಥೋಲಿಕರು ಮನೆಯಲ್ಲೋ ದೇವಾಲಯದಲ್ಲೋ ಮಾಡಿಕೊಳ್ಳಲಿ, ಗುಂಡಿಯ ಬಳಿ ವಾದ ಬೇಡ.

ಲಿಂಗರಾಜಪುರ ಲೇಔಟ್

ಎಲ್ಲರಿಗೂ ಧನ್ಯವಾದ. ಸೋಮವಾರ, ಶಾಲೆ ಹಾಲ್, ವಿಶ್ವಾಸ ಪ್ರಮಾಣದ ಬದಲು ಫಿಲಿಪ್ಪಿ 2, ಪ್ರಸಂಗ ಮೆಥಡಿಸ್ಟರದು, ಪ್ರಭುಭೋಜನ ಇಲ್ಲ. ಇಷ್ಟನ್ನ ಮುಂದಿನ ಮೀಟಿಂಗಿಗೆ ಒಯ್ತೀನಿ. ಯೂತ್‌ನವರು ಅದೇ ದಿನ ಮಧ್ಯಾಹ್ನ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲ್ ಕ್ವಿಜ್ ಇಡೋಣ ಅಂತಿದ್ದಾರೆ. ಅದಕ್ಕೇನೂ ತೊಂದರೆ ಇಲ್ಲ ಅಲ್ವಾ?

ಹಳೇ ಕಾಯಿರ್

ಅಯ್ಯೋ, ಅಲ್ಲೇ ಇರೋದು! "ಆರನೇ ಆಜ್ಞೆ ಯಾವುದು?" ಅಂತ ಕೇಳಿದರೆ ಕಥೋಲಿಕ ಮಕ್ಕಳು "ವ್ಯಭಿಚಾರ ಮಾಡಬಾರದು" ಅಂತಾರೆ, ಸಿಎಸ್‌ಐ ಮಕ್ಕಳು "ಕೊಲೆ ಮಾಡಬಾರದು" ಅಂತಾರೆ, ಎರಡೂ ಅವರವರ ಎಣಿಕೆಯಲ್ಲಿ ಸರಿ. ಕಥೋಲಿಕರೂ ಲೂಥರನ್ನರೂ ವಿಗ್ರಹದ ಆಜ್ಞೆಯನ್ನ ಮೊದಲನೆಯದರಲ್ಲೇ ಸೇರಿಸಿ ಕೊನೆಯ ಆಸೆಯದನ್ನ ಎರಡು ಮಾಡ್ತಾರೆ. ದಾನಿಯೇಲನಲ್ಲಿ ಎಷ್ಟು ಅಧ್ಯಾಯ ಅಂದರೆ 12, 14 ಎರಡು ಉತ್ತರ. ಬೈಬಲ್‌ನಲ್ಲಿ ಎಷ್ಟು ಪುಸ್ತಕ ಅಂತಂತೂ ಕೇಳಲೇಬೇಡಿ. ನಾಲ್ಕು ಸುವಾರ್ತೆ, ಅಪೊಸ್ತಲರ ಕೃತ್ಯಗಳು ಇವಿಷ್ಟರಿಂದ ಪ್ರಶ್ನೆ ತೆಗೀರಿ. ತಂಡ ಸಭೆವಾರು ಬೇಡ, ಚೀಟಿ ಎತ್ತಿ ಮಕ್ಕಳನ್ನ ಕಲಸಿ. ಹೆಸರು ಕೇಳೋ ಪ್ರಶ್ನೆಗೆ ಯೋಹಾನ ಅಂದರೂ ಯೊವಾನ್ನ ಅಂದರೂ ಅಂಕ ಕೊಡಿ ಅಂತ ತೀರ್ಪುಗಾರರಿಗೆ ಮೊದಲೇ ಹೇಳಿ.

ಬೆರೋಯದವನು

ಕ್ವಿಜ್‌ಗೆ ನಮ್ಮ ಸಭೆಯಿಂದ 14 ಮಕ್ಕಳು ಬರಬಹುದು. ಆ ಅರ್ಧ ಪುಟ ಈ ವಾರವೇ ಕಳಿಸಿ, ಹಿರಿಯರ ಮುಂದೆ ಇಡ್ತೀನಿ. ದೀಕ್ಷಾಸ್ನಾನದ ಸಾಲು ನಾನು ಹೇಳಿದ ಹಾಗೆ ತಿದ್ದಿದ್ದರೆ ಮಾತ್ರ.